ಕೆಳಗಿನ ಬಡಿತ

ನವೆಂಬರ್ ೧೪, ಗುರುವಾರ

ಉತ್ತರ ಮಿನೆಸೋಟದ ಗ್ರೀಸುಮಂಡಲಾಧೀಶ್ವರರೂ ಸುಟ್ಟ ಫ್ಯೂಸುಗಳ ಕುಲೋದ್ಧಾರಕರೂ ಆದ ವೇಡ್ ಮಹಾಪ್ರಭುಗಳು, ಅಂದರೆ ನಾನು, ಈ ರಾತ್ರಿ ದಿನಚರಿಗೆ ಅಪ್ಪಣೆ ಕೊಡಿಸುವುದೇನೆಂದರೆ, ಆ ಬಡಿತ ಇನ್ನೂ ನನ್ನ ಕಿವಿಯಲ್ಲಿದೆ.

ಮಾರ್ಲಿಸ್ ಓಡಿಸುವ, ಮಣ್ಣು ಅಗೆಯುವ ಎಕ್ಸ್‌ಕವೇಟರ್ ಗಣಿಯ ಅಂಚಿನಲ್ಲೇ ತಾನಾಗಿ ಆಫ್ ಆಗುತ್ತಿತ್ತು. ಎಂಜಿನ್ ತಣ್ಣಗಿದ್ದರೂ ಕ್ಯಾಬಿನ್ನಿನ ಪರದೆಯ ಶಾಖದ ಅಂಕಿ ಮಾತ್ರ ಅದು ಕುದಿಯುತ್ತಿದೆ ಎನ್ನುತ್ತಿತ್ತು. ಶಾಖ ಅಳೆಯುವ ಸೆನ್ಸರ್ ಹೊಸದು ಹಾಕಿದರೂ ಅದೇ ಕಥೆ. ಅಂದರೆ ದೋಷ ವೈರಿನಲ್ಲಿ.

"ನಾಳೆ ಇದನ್ನ ಹತ್ತಬಹುದಾ, ಇಲ್ಲಾ ಸಾಯೋಕ್ ಮುಂಚೆ ನನ್ನ ನಾಯೀನ ಯಾರಿಗಾದ್ರೂ ಕೊಟ್ಬಿಡ್ಲಾ?" ಎಂದು ಬೆಳಿಗ್ಗೆ ಮಾರ್ಲಿಸ್ ಕೇಳಿದ್ದಳು.

ಶೆಡ್ಡಿನಲ್ಲಿ ನನ್ನ ಜೊತೆಗಿರುವ ಮುದುಕ ಮೆಕ್ಯಾನಿಕ್ ಆರ್ವೋಗೆ ಕಿವಿ ಮಂದ, ಕೂಗಿದರೆ ಕೇಳದು; ಅದಕ್ಕೇ ಬಡಿತವೇ ನಮ್ಮ ಸಂಕೇತ. ಅವನು ಯಂತ್ರದ ಕೆಳಗೆ ಮಲಗಿ ವೈರನ್ನು ಅಲುಗಿಸಿ ಕಬ್ಬಿಣಕ್ಕೆ ಒಮ್ಮೆ ಬಡಿಯುತ್ತಾನೆ. ಮೇಲೆ ಕ್ಯಾಬಿನ್ನಿನಲ್ಲಿ ಪರದೆಯ ಅಂಕಿ ಹಾರಿದರೆ ನಾನು ಎರಡು ಸಲ ಬಡಿಯಬೇಕು.

ಬಡಿತ ಬಂತು. ಅಂಕಿ ಹಾರಿತು. ಎರಡು ಸಲ ಬಡಿದೆ. ಮತ್ತೆ ಬಂತು, ಮತ್ತೆ ಹಾರಿತು. ಮೂರನೆಯ ಬಡಿತಕ್ಕೆ ಉತ್ತರ ಕೊಡುವಾಗ ನೋಡಿದರೆ ಆರ್ವೋ ಕಾಫಿ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

"ಯಾರ್ ಜೊತೆ ತಾಳ ಹಾಕ್ತಿದೀಯೋ?"

ಇಳಿದು ನೋಡಿದರೆ ಯಂತ್ರದ ಕೆಳಗೆ ಯಾರೂ ಇರಲಿಲ್ಲ. ಬಡಿತ ಬಂದ ಜಾಗದಲ್ಲೇ, ವೈರ್ ಹಿಡಿದಿಡುವ ಕ್ಲಿಪ್ಪಿನಡಿ, ಅದರ ಹೊದಿಕೆ ಸವೆದು ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಆರ್ವೋ ಅದನ್ನು ಸರಿಮಾಡಿದ.

"ಕಳ್ಳ! ಮೊದಲೇ ಹುಡುಕಿಟ್ಕೊಂಡು ನನ್ನ ಆಟ ಆಡಿಸ್ತಿದ್ದೆ ಅಲ್ವಾ?" ಎಂದು ಬೆನ್ನಿಗೆ ಗುದ್ದಿದ. ಮಹಾಪ್ರಭುಗಳು ಗಂಭೀರವಾಗಿ ತಲೆಬಾಗಿದರು. ನಾಳೆ ಮಾರ್ಲಿಸ್ ಧೈರ್ಯವಾಗಿ ಹತ್ತಬಹುದು.

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ. ಹೊರಡುವಾಗ ಅದೇ ಕಬ್ಬಿಣಕ್ಕೆ ಥ್ಯಾಂಕ್ಸ್ ಎಂದು ಒಮ್ಮೆ ಬಡಿದೆ. ಉತ್ತರ ಬರುವ ಮೊದಲೇ ಓಡಿಬಂದೆ. ಓಡುವಾಗ ಉದುರಿದ ನನ್ನ ಟೊಪ್ಪಿ ಇನ್ನೂ ಅಲ್ಲೇ ಬಿದ್ದಿದೆ.