ಸಾರ್ ದನಿಯ ಐದು ಸಾಲು

ಮಾರ್ಚ್ 5, ಬೆಳಗ್ಗೆ 8.50

ನಂಬರ್ ಬದಲಾಯಿಸಿಬಿಟ್ಟಿದ್ದಾರೆ. ಸರ್ವರ್ ರೂಮಿನ ಬಾಗಿಲ ಮುಂದೆ ನಿಂತು ಹಳೇ ನಂಬರ್ ಒತ್ತಿದೆ. ಕೆಂಪು ದೀಪ. ಮತ್ತೆ ಒತ್ತಿದೆ. ಕೆಂಪು. ಇಪ್ಪತ್ತೆರಡು ವರ್ಷದಿಂದ ಈ ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ನಾನು, ಬಾಗಿಲಿಗೇ ನನ್ನ ಗುರುತು ಹತ್ತಲಿಲ್ಲ... ಇರಲಿ. ನಿನ್ನೆ ಫೋನಿನಲ್ಲಿ ಆ ನಂಬರ್ ಹೇಳಿದವನು ನಾನೇ ತಾನೆ. ಬದಲಾಯಿಸದೆ ಇನ್ನೇನು ಹಾರ ಹಾಕುತ್ತಾರಾ.

ಉಳಿದದ್ದು ಮಾಮೂಲಿ. ಮೂವತ್ತೆರಡು ಕಂಪ್ಯೂಟರ್ ಎಬ್ಬಿಸಿದೆ. ಹದಿನಾಲ್ಕನೆಯದಕ್ಕೆ ಮಾವ ಅಂತ ಹೆಸರಿಟ್ಟಿದ್ದೇನೆ. ಎರಡು ಸಲ ತಟ್ಟಿದರೇ ಏಳೋದು, ಎದ್ದ ಮೇಲೂ ಗೊಣಗಾಟ.

ಫೈನಲ್ ಇಯರ್‌ನವರು ಬಂದರು, ಸೆಕ್ಯುರಿಟಿ ಪ್ರಾಕ್ಟಿಕಲ್‌ಗೆ. ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರಿಗೂ ಸುದ್ದಿ ಹೋಗಿದೆ. ಇವತ್ತು ಯಾರ ಮನೆ ಬೀಗ ಒಡೀತೀರ್ರಪ್ಪಾ ಅಂತ ಕೇಳಿದೆ. ಇಬ್ಬರು ನಕ್ಕರು. ಉಪಕಾರಕ್ಕೆ.

ಅದೇ ದಿನ, 11.30

ಹೆಡ್ ಮೇಡಂ ಕರೆಸಿದ್ದರು. ಕೂರಿಸಿದರು. ಕೂರಿಸಿದಾಗಲೇ ಗೊತ್ತಾಯಿತು, ವಿಷಯ ಭಾರ ಇದೆ ಅಂತ.

ಆ ಫೋನ್ ಒಂದು ಪ್ರಾಜೆಕ್ಟಂತೆ. ಮಾಡಿದ್ದು ಫೈನಲ್ ಇಯರ್ ಹುಡುಗಿ, ನಾನು ಕನ್ನಡಕ ಅಂತ ಕರೆಯುತ್ತೇನಲ್ಲ, ಅವಳು. ಸೆಕ್ಯುರಿಟಿ ಪಾಠ ಹೇಳುತ್ತಿದ್ದ ನಮ್ಮ ಸಾರ್ ಕ್ಲಾಸೆಲ್ಲ ರೆಕಾರ್ಡ್ ಆಗಿದೆ. ನಲವತ್ತು ಕ್ಲಾಸಿಂದು ಕಂಪ್ಯೂಟರ್‌ಗೆ ಕೇಳಿಸಿ ಕೇಳಿಸಿ ಅವರ ದನಿ ಕಲಿಸಿದ್ದಾಳೆ. ಇವಳು ಒಂದು ಸಾಲು ಟೈಪ್ ಮಾಡಿದರೆ ಅದು ಸಾರ್ ದನಿಯಲ್ಲಿ ಹೇಳುತ್ತದೆ. ಗುಟ್ಟು ಇಟ್ಟುಕೊಂಡವನು ಗೊತ್ತಿರೋ ದನಿ ಕೇಳಿದರೆ ಬಿಟ್ಟುಕೊಡುತ್ತಾನಾ, ಅದು ಪರೀಕ್ಷೆ. ಪರ್ಮಿಶನ್ ತಗೊಂಡಿದ್ದಾಳೆ. ಯಾರ ದನಿ ಅಂತ ಮಾತ್ರ ಅರ್ಜಿಯಲ್ಲಿ ಬರೆದಿಲ್ಲ.

ಸಾರ್ ತೀರಿಕೊಂಡು ಎಂಟು ತಿಂಗಳಾಯಿತು.

ನಾನು ಅರ್ಧ ನಿಮಿಷದಲ್ಲಿ ಬಿಟ್ಟುಕೊಟ್ಟೆ.

ಒಂದು ಫಾರಂ ಕೊಟ್ಟರು. ನಾನೇ ತುಂಬಬೇಕು. ಎರಡು ಚೌಕ. ಒಂದು — ನಿಜವೆಂದು ನಂಬಿ ಮೋಸ ಹೋದೆ. ಇನ್ನೊಂದು — ಪರೀಕ್ಷೆಯೆಂದು ಗೊತ್ತಿದ್ದು ಹೇಳಿದೆ. ಮೊದಲನೆಯದಕ್ಕೆ ಟಿಕ್ ಹಾಕಿದರೆ ಹುಡುಗಿ ಪಾಸು. ನನ್ನ ಕೀಲಿಗೊಂಚಲು ಹೋಗುತ್ತದೆ, ನನ್ನನ್ನು ಪುಸ್ತಕದ ಸ್ಟೋರ್ ರೂಮಿಗೆ ಹಾಕುತ್ತಾರೆ. ದನಿಗೆ ಮೋಸ ಹೋಗುವವನ ಕೈಯಲ್ಲಿ ಬೀಗ ಇರಬಾರದು, ರೂಲ್ ಹಾಗೇ ಇದೆ. ಎರಡನೆಯದಕ್ಕೆ ಹಾಕಿದರೆ ಪರೀಕ್ಷೆಯೇ ಕೆಟ್ಟ ಹಾಗೆ. ಹುಡುಗಿ ಇನ್ನೊಂದು ವರ್ಷ ಕೂರಬೇಕು. ನಾನು ಇಲ್ಲೇ, ಹೊಸ ನಂಬರೂ ನನಗೇ ಕೊಡುತ್ತಾರೆ.

ಮೇಡಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೀವು ತಮಾಷೆ ಮಾಡೋರು ಅಂತ ಎಲ್ಲರಿಗೂ ಗೊತ್ತು. ಆಟಕ್ಕೆ ಹೇಳ್ದೆ ಅಂದ್ರೆ ಯಾರೂ ಬೇರೆ ಥರ ತಿಳ್ಕೊಳಲ್ಲ. ಯೋಚ್ನೆ ಮಾಡಿ."

ಇಪ್ಪತ್ತನೇ ತಾರೀಖಿನವರೆಗೆ ಟೈಮ್. ಫಾರಂ ಬಂದ ಮೇಲೆ ಆ ದನಿ ಅಳಿಸಿ ಹಾಕುತ್ತಾರಂತೆ.

ಮಾರ್ಚ್ 6

ಕನ್ನಡಕ ಬಂದಿದ್ದಳು. ಬಾಗಿಲಲ್ಲೇ ನಿಂತಳು. ಸಾರಿ ಅಣ್ಣಾ ಅಂದಳು, ಕನ್ನಡಕ ತೆಗೆದು ಒರೆಸಿಕೊಂಡಳು. ಅಳೋದಾದ್ರೆ ಮಾವನ ಹತ್ತಿರ ಕೂತು ಅಳಮ್ಮ, ಅವನಿಗೆ ಹೇಗೂ ಏನೂ ಕೇಳಿಸಲ್ಲ ಅಂದೆ.

ಒಂದು ವಿಷಯ ಕೇಳಿದೆ. ಫೋನಿನಲ್ಲಿ ಬೀಗಪ್ಪ ಅಂತ ಕರೆಸಿದೆಯಲ್ಲ, ಅದು ನಿನಗೆ ಹೇಗೆ ಗೊತ್ತಾಯಿತು? ಸಾರ್ ಒಬ್ಬರೇ ನನ್ನನ್ನು ಹಾಗೆ ಕರೆಯುತ್ತಿದ್ದದ್ದು. ಅವಳು ಹೇಳಿದಳು, ರೆಕಾರ್ಡಿಂಗ್ ತುಂಬ ಅದೇ ಇದೆಯಂತೆ. ಪಾಠದ ಮಧ್ಯೆ ನಿಲ್ಲಿಸಿ, ಬೀಗಪ್ಪಾ, ಪ್ರೊಜೆಕ್ಟರ್ ನೋಡಯ್ಯ. ಬೀಗಪ್ಪಾ, ಫ್ಯಾನ್ ತಗ್ಗಿಸು. ನಲವತ್ತು ಕ್ಲಾಸಲ್ಲಿ ನೂರಾ ಹತ್ತು ಸಲ. ಅಷ್ಟು ಚೆನ್ನಾಗಿ ಕಂಪ್ಯೂಟರ್ ಬೇರೆ ಯಾವ ಪದವನ್ನೂ ಕಲಿತಿಲ್ಲವಂತೆ.

ನೂರಾ ಹತ್ತು. ನಾನು ಎಣಿಸಿರಲಿಲ್ಲ.

ಮಾರ್ಚ್ 7

ಪ್ರೊಜೆಕ್ಟರ್ ಒರೆಸುತ್ತಿದ್ದೆ. ಹಿಂದಿನಿಂದ ಬೀಗಪ್ಪಾ ಅಂದ ಹಾಗಾಯಿತು. ತಿರುಗಿದೆ. ಮೂವತ್ತೆರಡು ಸ್ಕ್ರೀನು, ಯಾರೂ ಇಲ್ಲ. ಎಂಟು ತಿಂಗಳಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ದನಿ ಮರೆತೇ ಹೋಗಿತ್ತು ಅಂತ ಈಗ ಗೊತ್ತಾಗುತ್ತಿದೆ. ಆ ಹುಡುಗಿ ನೆನಪು ಮಾಡಿಕೊಟ್ಟಳು, ಅಷ್ಟೆ. ಹೋಗು ಅಂದರೆ ಹೋಗುತ್ತಿಲ್ಲ.

ಮಾರ್ಚ್ 8

ಮಧ್ಯಾಹ್ನ ಒಂದು ಗಂಟೆಯಿಂದ ಎರಡರವರೆಗೆ ಲ್ಯಾಬಿನ ಹೊರಗೆ ನಿಂತಿದ್ದೆ. ಒಳಗೆ ಹೋಗೋಕೆ ಆಗಲಿಲ್ಲ. ವಾಚ್‌ಮನ್ ಕೇಳಿದ, ಏನು ಕಾಯ್ತಿದೀರಿ ಅಂತ. ನಿನ್ನ ಕೆಲಸ ಕಲೀತಿದೀನಿ ಕಣೋ, ಸುಮ್ನೆ ನಿಲ್ಲೋದು ಅಷ್ಟು ಸುಲಭ ಅಲ್ಲ ಅಂದೆ. ನಕ್ಕ.

ಮಾರ್ಚ್ 15, 2.15

ಇವತ್ತು ಮೇಡಂ ರೂಮಿನಲ್ಲಿ ಆ ಫೋನಿನ ರೆಕಾರ್ಡಿಂಗ್ ಹಾಕಿದರು. ಮೇಡಂ, ಕನ್ನಡಕ, ನಾನು. ಫಾರಂ ತುಂಬುವ ಮೊದಲು ನಾನು ಒಮ್ಮೆ ಕೇಳಲೇಬೇಕಂತೆ.

ಹುಡುಗಿ ಟೈಪ್ ಮಾಡಿದ್ದು ಐದು ಸಾಲು. ಕಾಗದದಲ್ಲಿ ಪ್ರಿಂಟ್ ಇತ್ತು, ಬೆರಳಿಟ್ಟು ಓದಿಕೊಂಡೆ. ಬೀಗಪ್ಪಾ. ನಾನು ಕಣಯ್ಯ. ಸರ್ವರ್ ರೂಮ್ ನಂಬರ್ ಮರೆತುಹೋಗಿದೆ. ಬೇಗ ಹೇಳು. ಸರಿ, ಇಡ್ತೀನಿ.

ಹಾಕಿದರು. ಬೀಗಪ್ಪಾ, ನಾನು ಕಣಯ್ಯ, ಎಲ್ಲ ಬಂತು. ನಾನು ನಂಬರ್ ಹೇಳಿದ್ದೂ ಬಂತು, ಒಂದೊಂದೇ ಅಂಕಿ, ಶಾಲೆ ಮಕ್ಕಳ ಹಾಗೆ. ಆಮೇಲೆ ಸದ್ದಿಲ್ಲ. ಮುಂದಿನ ಸಾಲು ಟೈಪ್ ಮಾಡೋಕೆ ಹುಡುಗಿಗೆ ನಾಲ್ಕು ಸೆಕೆಂಡ್ ಬೇಕಾಗಿತ್ತಂತೆ. ಆ ನಾಲ್ಕು ಸೆಕೆಂಡಿನ ಕೊನೆಗೆ ನನ್ನ ದನಿ —

"ಬಂದೆ ಸಾರ್. ಇಲ್ಲೇ ಇದೀನಿ. ಬಂದೆ."

ಆಮೇಲೆ ಐದನೇ ಸಾಲು. ಸರಿ, ಇಡ್ತೀನಿ.

ಹುಡುಗಿ ನನ್ನ ಕಡೆ ನೋಡಿದಳು. "ಅಣ್ಣಾ, ನಾನು ನಿಮ್ಮನ್ನ ಕರೀಲಿಲ್ಲ. ಬನ್ನಿ ಅಂತ ನಾನು ಎಲ್ಲೂ ಬರ್ದಿಲ್ಲ. ಯಾರಿಗೆ ಹೇಳಿದ್ರಿ?"

ನಾನು ಕೇಳಿದ್ದು ಆರು ಸಾಲು. ಬಾಗಿಲು ತೆಗಿ ಬಾರಯ್ಯ ಅಂದರು. ಮೆಲ್ಲಗೆ. ಈಗಲೂ ಬೇಕಾದರೆ ಆಣೆ ಮಾಡುತ್ತೇನೆ. ಆದರೆ ರೆಕಾರ್ಡಿಂಗಿನಲ್ಲಿ ಇಲ್ಲ, ಕಾಗದದಲ್ಲಿ ಇಲ್ಲ.

ಏನಾದರೂ ಜೋಕ್ ಮಾಡಬೇಕಿತ್ತು. ಆ ಕಾಗದವನ್ನೇ ಮಡಿಸುತ್ತಾ ಕೂತೆ. ಮೇಡಂ ಮತ್ತೆ ಹಾಕಲಿಲ್ಲ. ನೀರು ತರಿಸಿಕೊಟ್ಟರು.

ಮಾರ್ಚ್ 15, ಸಂಜೆ 5

ಬರೆದೇ ಬಿಡುತ್ತೇನೆ. ಓದುವವರು ಯಾರಿದ್ದಾರೆ.

ಹೋದ ಜುಲೈ. ಊಟದ ಹೊತ್ತು. ನಾನು ಕ್ಯಾಂಟೀನಿನಲ್ಲಿದ್ದೆ, ಸುತ್ತ ಹತ್ತು ಹನ್ನೆರಡು ಜನ. ಎಲ್ಲರ ದನಿಯನ್ನೂ ಮಾಡಿ ತೋರಿಸುತ್ತಿದ್ದೆ ಆಗ. ಪ್ರಿನ್ಸಿಪಾಲ್, ವಾಚ್‌ಮನ್, ಪಂಪ್ ರಿಪೇರಿಯವನು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಸಾರ್ ದನಿ. ಮೂಗಿನಲ್ಲಿ ಸ್ವಲ್ಪ, ಕೊನೆಯಲ್ಲಿ ಎಳೆತ. ಪಾಸ್‌ವರ್ಡ್ ಅಂದ್ರೆ ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ ಕಣ್ರಯ್ಯ, ಇನ್ನೊಬ್ಬರಿಗೆ ಕೊಡಬಾರದು. ಜನ ಬಿದ್ದು ಬಿದ್ದು ನಗುತ್ತಿದ್ದರು.

ಫೋನ್ ಬಂತು. ಸಾರ್ ಹೆಸರು. ಎತ್ತಿ ಎಲ್ಲರಿಗೂ ತೋರಿಸಿದೆ. "ನೋಡಿ, ಡೂಪ್ಲಿಕೇಟ್ ದನಿ ಕೇಳಿ ಒರಿಜಿನಲ್ ಫೋನ್ ಮಾಡ್ತಿದೆ" ಅಂದೆ. ಇನ್ನೂ ನಗು. ಸೈಲೆಂಟಿಗೆ ಹಾಕಿ ಜೇಬಿಗೆ ಇಟ್ಟೆ. ಪ್ರೊಜೆಕ್ಟರ್ ಇರಬೇಕು, ಕಾಯಲಿ ಅಂತ. ಇನ್ನೂ ಎರಡು ಸಲ ಬಂದಿತ್ತು, ಆಮೇಲೆ ನೋಡಿದೆ. 1.10, 1.12, 1.15.

ಸಾರ್ ಸರ್ವರ್ ರೂಮಿನ ಒಳಗೆ ಬಿದ್ದಿದ್ದರು. ಎದೆನೋವು. ಆ ಬಾಗಿಲು ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಒಳಗಿನಿಂದ ಹಿಡಿಕೆ ಎಳೆದರೆ ಸಾಕು, ಆದರೆ ಏಳಬೇಕಲ್ಲ. ಹೊರಗಿನಿಂದ ನಂಬರ್ ಬೇಕು. ನಂಬರ್ ಗೊತ್ತಿದ್ದದ್ದು ಇಬ್ಬರಿಗೆ. ಅವರಿಗೆ, ನನಗೆ.

ನಾನು ಬಾಗಿಲು ತೆಗೆದದ್ದು ಎರಡು ಗಂಟೆಗೆ.

ಬೇಗ ಬಂದಿದ್ದರೆ ಉಳಿಯುತ್ತಿದ್ದರಾ ಅಂತ ಡಾಕ್ಟರ್‌ನ ಕೇಳಿದೆ. ಅವರು ಕೈತೊಳೆಯುತ್ತಿದ್ದರು. ತೊಳೆಯುತ್ತಲೇ ಇದ್ದರು.

ಕ್ಯಾಂಟೀನಿನಲ್ಲಿದ್ದವರು ಯಾರೂ ಈ ಮಾತು ಎತ್ತಿಲ್ಲ, ಇವತ್ತಿನವರೆಗೂ. ನಾನೂ ಯಾರ ದನಿಯನ್ನೂ ಮಾಡಿಲ್ಲ, ಅವತ್ತಿನಿಂದ. ಗಂಟಲು ಕೆಟ್ಟಿದೆ ಅಂತ ಹೇಳಿಕೊಂಡು ತಿರುಗಿದೆ.

ಈ ಸಲ ಮೊದಲನೇ ರಿಂಗಿಗೇ ಎತ್ತಿದೆ. ಸಾರ್ ಇಲ್ಲ ಅಂತ ಗೊತ್ತು, ಹೆಣಕ್ಕೆ ಹೆಗಲು ಕೊಟ್ಟವನು ನಾನು. ಇದು ಯಾರೋ ಹುಡುಗರ ಆಟ ಅಂತ ಗೊತ್ತಾಯಿತು, ಎರಡನೇ ಸಾಲಿಗೇ. ಆದರೂ ಕೇಳಿದ್ದನ್ನೆಲ್ಲ ಕೊಟ್ಟೆ. ಮನೆ ಕೀಲಿ ಕೇಳಿದ್ದರೂ ಕೊಡುತ್ತಿದ್ದೆ.

ಈಗ ಹೇಳಿ, ಯಾವ ಚೌಕಕ್ಕೆ ಟಿಕ್ ಹಾಕಲಿ?

ಮಾರ್ಚ್ 18

ಕನ್ನಡಕ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ನಾಡಿದ್ದು ಎಲ್ಲ ಅಳಿಸುತ್ತಾರೆ, ಅದಕ್ಕೆ ಮೊದಲು ಒಂದು ಸಲ ನೀವೇ ಏನಾದರೂ ಟೈಪ್ ಮಾಡಿ, ಅವರ ದನಿಯಲ್ಲಿ ಕೇಳಿಸಿಕೊಳ್ಳಿ ಅಂದಳು. ಅವಳಿಗೆ ಗೊತ್ತಿರೋದು ಅಷ್ಟೇ ಸಮಾಧಾನ. ಒಳ್ಳೇ ಹುಡುಗಿ. ಹೊರಗೆ ಹೋಗಿ ನಿಂತಳು.

ಕೂತೆ. ಏಳನೇ ಕ್ಲಾಸು ಓದಿದವನಿಗೆ ಕನ್ನಡ ಕೀಬೋರ್ಡ್ ಒಂದು ಕಾಡು. ಒಂದು ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದೆ. ಪರವಾಗಿಲ್ಲ ಬಿಡಯ್ಯ. ಅಷ್ಟಕ್ಕೇ ಹತ್ತು ನಿಮಿಷ. ಒಂದು ಗುಂಡಿ ಒತ್ತಿದರೆ ಸಾರ್ ಹೇಳುತ್ತಾರೆ. ಅದೇ ಮೂಗು, ಅದೇ ಎಳೆತ.

ಒತ್ತಲಿಲ್ಲ.

ಅದು ನಾನೇ ಹೇಳಿಕೊಂಡ ಹಾಗಲ್ಲವಾ. ಕ್ಯಾಂಟೀನಿನಲ್ಲಿ ಮಾಡಿದ್ದೂ ಇದೇ ತಾನೆ, ಅವರ ದನಿಯಲ್ಲಿ ನನ್ನ ಮಾತು.

ಒಂದೊಂದೇ ಅಕ್ಷರ ಅಳಿಸಿದೆ. ಹುಡುಗಿಯನ್ನು ಕರೆದೆ. ಏನು ಕೇಳಿದ್ರಿ ಅಣ್ಣಾ ಅಂದಳು. ಸಂಬಳ ಜಾಸ್ತಿ ಮಾಡಿ ಅಂತ ಕೇಳ್ದೆ, ಸಾರ್ ಈಗಲೂ ಆಗಲ್ಲ ಅಂದ್ರು ಅಂದೆ. ಅವಳು ನಗಲಿಲ್ಲ. ನಾನು ಫೇಲ್ ಆದ್ರೂ ಪರವಾಗಿಲ್ಲ, ನೀವು ಕೀಲಿ ಉಳಿಸ್ಕೊಳ್ಳಿ ಅಂದಳು. ನೆಲ ನೋಡುತ್ತಾ.

ಸರ್ವರ್ ರೂಮಿನ ಗೋಡೆಗೆ ಕಿವಿ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದೆ. ಒಳಗೆ ಫ್ಯಾನುಗಳ ಗುಂಯ್ ಅನ್ನೋ ಸದ್ದು. ಎಂಟು ತಿಂಗಳು ಈ ಬಾಗಿಲನ್ನು ನಾನೇ ಕಾದಿದ್ದೇನೆ. ಇನ್ನೊಬ್ಬನ ಕೈಗೆ ಹೋದರೆ, ಯಾರಾದರೂ ಒಳಗಿಂದ ಕರೆದರೆ... ಇದಕ್ಕೇ ಕೀಲಿ ಬಿಡೋಕೆ ಆಗುತ್ತಿಲ್ಲ. ಬೇರೆ ಏನಕ್ಕೂ ಅಲ್ಲ.

ಮಾರ್ಚ್ 20, ಮಧ್ಯಾಹ್ನ 1.05, ಮನೆಯಲ್ಲಿ

ಅರ್ಧ ದಿನ ರಜೆ ಹಾಕಿದೆ. ಮೂರು ಗಂಟೆಗೆ ಫಾರಂ ಕೊಡಬೇಕು. ಮೇಜಿನ ಮೇಲೆ ಫಾರಂ, ಪಕ್ಕದಲ್ಲಿ ಕೀಲಿಗೊಂಚಲು. ಹತ್ತೊಂಬತ್ತು ಕೀಲಿ. ಬೆಳಗ್ಗೆ ಎಲ್ಲಕ್ಕೂ ಚೀಟಿ ಕಟ್ಟಿದೆ. ನನ್ನ ಕೈಗೆ ಮುಟ್ಟಿದರೇ ಗೊತ್ತಾಗುತ್ತದೆ ಯಾವುದು ಎಲ್ಲಿಯದು ಅಂತ, ಮುಂದೆ ಬರುವವನಿಗೆ ಗೊತ್ತಾಗಬೇಕಲ್ಲ. ಇನ್ನೊಂದು ಚೀಟಿ ಬೇರೆ ಬರೆದಿದ್ದೇನೆ, ಅವನಿಗೇ. ಸರ್ವರ್ ರೂಮಿಗೆ ಯಾರಾದರೂ ಒಬ್ಬರೇ ಹೋದರೆ ಊಟಕ್ಕೆ ಹೋಗಬೇಡಪ್ಪ, ಅವರು ಹೊರಗೆ ಬರೋವರೆಗೆ ಅಲ್ಲೇ ಇರು. ಫೋನ್ ಬಂದರೆ ಎತ್ತು. ಕಾಗುಣಿತ ತಪ್ಪಿರಬಹುದು. ಅರ್ಥ ಆಗುತ್ತೆ.

ಟಿಕ್ ಹಾಕಿದೆ. ಮೊದಲನೇ ಚೌಕ. ನಿಜವೆಂದು ನಂಬಿ ಮೋಸ ಹೋದೆ.

ಸುಳ್ಳಲ್ಲ ಇದು. ಬುದ್ಧಿಗೆ ಗೊತ್ತಿತ್ತು, ನಿಜ. ಬಂದೆ ಸಾರ್ ಅಂದದ್ದು ಬುದ್ಧಿ ಅಲ್ಲ. ಅದು ಪೂರ್ತಿ ನಂಬಿತ್ತು. ಹುಡುಗಿಗೆ ಅಂಕ ಕೊಡಲಿ, ಅವಳ ಯಂತ್ರ ಕೆಲಸ ಮಾಡಿದೆ. ಜೀವಮಾನವೆಲ್ಲ ಬೇರೆಯವರನ್ನು ಬೇಸ್ತು ಬೀಳಿಸಿದವನು ಸರ್ಕಾರಿ ಕಾಗದದ ಮೇಲೆ ಒಮ್ಮೆ ದಡ್ಡ ಅಂತ ಸಹಿ ಹಾಕಿದರೆ ಏನೂ ಕೊಂಬು ಮುರಿಯಲ್ಲ.

ಕೆಳಗೆ ಷರಾ ಅಂತ ಎರಡು ಗೆರೆ ಬಿಟ್ಟಿದ್ದಾರೆ. ಅಲ್ಲಿ ಜುಲೈದು ಬರೆದೆ. ಮೂರು ಸಲ ಫೋನ್ ಬಂದಿತ್ತು, ಮೊದಲನೆಯದು ನೋಡಿಯೂ ಎತ್ತಲಿಲ್ಲ. ಹೊತ್ತನ್ನೂ ಬರೆದೆ. ಮೇಡಂ ಓದಲಿ. ಸಾರ್ ಮನೆಯವರಿಗೂ ತೋರಿಸಿ ಅಂತ ಹೇಳುತ್ತೇನೆ. ಇಲ್ಲ, ನಾನೇ ಹೋಗಿ ಹೇಳಬೇಕು. ಸಾರ್ ಹೆಂಡತಿ ಬಾಗಿಲು ತೆಗೆದಾಗ ಮೊದಲು ಏನು ಹೇಳೋದು ಅನ್ನೋದೇ —

ಒಳಗಿಂದ ನನ್ನ ಹೆಂಡತಿ ಕರೆಯುತ್ತಿದ್ದಾಳೆ, ರೀ, ಊಟಕ್ಕೆ ಬನ್ನಿ ಅಂತ. ಇರು, ಇದೊಂದು ಸಾಲು ಬರೆದು ಮುಗಿಸಿ ಬ— ಇಲ್ಲ, ಬಂದೆ.