ಅಪ್ಪನ ಹೊತ್ತು

ಆಸ್ಪತ್ರೆಯ ಮೊದಲನೇ ಮಹಡಿ,
ಬುಧವಾರ ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತೇ? ಸುರಂಗದ ದೂಳು ಕುಡಿಯಬೇಡ, ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ನೀನು ಕೇಳುವ ಪೈಕಿಯಲ್ಲ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ತಾನಾಗಿಯೇ ಹೋಯಿತು, ರೂಢಿ ನೋಡು. ಚೆನ್ನಾಗಿಲ್ಲ ಕಣೋ. ಅಪ್ಪನಿಗೆ ಹೃದಯಾಘಾತವಾಗಿ ಸೋಮವಾರ ಸಂಜೆ ಇಲ್ಲಿ ಸೇರಿಸಿದ್ದೇವೆ. ನಿನಗೆ ಫೋನ್ ಮಾಡಿ ಮಾಡಿ ಸಾಕಾಯಿತು. ನೀನು ಭಾನುವಾರ ಗುಡ್ಡ ಇಳಿದು ಬಂದರೆ ತಾನೇ ಅದಕ್ಕೆ ಜೀವ ಬರುವುದು? ನಿಮ್ಮ ಆಫೀಸಿನಲ್ಲಂತೂ ಫೋನ್ ಎತ್ತುವ ಪುಣ್ಯಾತ್ಮರಿಲ್ಲ. ನಮ್ಮ ಕೆಳಗಿನ ಮನೆಯ ಲಾರಿ ಡ್ರೈವರ್ ನಿಮ್ಮಲ್ಲಿಗೇ ಸಿಮೆಂಟ್ ಒಯ್ಯುತ್ತಿದ್ದಾನೆ. ಗೇಟಿನ ಬಳಿ ಲಾರಿ ನಿಲ್ಲಿಸಿಕೊಂಡು ಈ ಕಾಗದಕ್ಕಾಗಿ ಕಾಯುತ್ತಿದ್ದಾನೆ. ಅಕ್ಷರ ಕಾಗೆಕಾಲಾಗಿದ್ದರೆ ಬೈದುಕೊಳ್ಳಬೇಡ.

ನನ್ನ ಪಾಡು ನಿನಗೆ ಗೊತ್ತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು, ದವಡೆ ಹಿಡಿದುಕೊಂಡು ಬಂದವರಿಗೆಲ್ಲ ‘ನಾಳಿದ್ದು ಬನ್ನಿ’ ಎನ್ನುವುದಕ್ಕೇ ನನಗೆ ಸಂಬಳ. ನಿನ್ನ ಭಾವ ಬಸ್ ಓಡಿಸಿ ಯಾವಾಗ ಮನೆ ಸೇರುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಬೆಳಗ್ಗೆ ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ನಿನ್ನ ಸೋದರಸೊಸೆಯ ಜಡೆಯ ಮೇಲೆ. ಅಷ್ಟರಲ್ಲಿ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ‘ಮಗಾ, ಒಂದ್ ಮಾತು’ ಎನ್ನುತ್ತಿದ್ದರು. ಆ ಒಂದು ಮಾತಿನ ಬಾಲ ಎಷ್ಟುದ್ದ ಎಂದು ನಿನಗೆ ನಾನು ಹೇಳಬೇಕೇ? ಹಾಲು ಉಕ್ಕುತ್ತಿತ್ತು, ಬಸ್ಸು ತಪ್ಪುತ್ತಿತ್ತು, ನಾನು ಸಿಡುಕುತ್ತಿದ್ದೆ, ಅಪ್ಪನ ಮುಖ ಸಣ್ಣಗಾಗುತ್ತಿತ್ತು. ಕೊನೆಗೆ ನಾನೇ ಒಂದು ಉಪಾಯ ಹೂಡಿದೆ. ಊರವರಿಗೆಲ್ಲ ಹೊತ್ತು ಹಂಚುವವಳು ಮನೆಯವರಿಗೆ ಹಂಚಲಾರೆನೇ? ಇಷ್ಟು ಹೊತ್ತು ಮಗಳ ಪಾಠಕ್ಕೆ, ಇಷ್ಟು ಬಟ್ಟೆಗೆ, ಸಂಜೆ ತರಕಾರಿ ಹೆಚ್ಚುವಷ್ಟು ಹೊತ್ತು ಅಪ್ಪನಿಗೆ. ‘ಏನಿದ್ರೂ ಸಂಜೆ ಹೇಳಿ ಅಪ್ಪಾ. ಅದು ನಿಮ್ಮ ಹೊತ್ತು, ಯಾರೂ ಅಡ್ಡ ಬರಲ್ಲ’ ಎಂದೆ.

ಅಪ್ಪನಿಗೆ ಖುಷಿಯಾಯಿತು, ಸುಳ್ಳಲ್ಲ. ರೈಲ್ವೆಯಲ್ಲಿ ಜೀವಮಾನವಿಡೀ ಸಿಗ್ನಲ್ ನೋಡಿಕೊಂಡವರಲ್ಲವೇ, ಯಾವುದಕ್ಕಾದರೂ ಒಂದು ಸಮಯ ಗೊತ್ತುಮಾಡಿದರೆ ಅವರಿಗೆ ಅದೇ ಮರ್ಯಾದೆ. ನಾನು ಕೆಲಸದಿಂದ ಬರುವಷ್ಟರಲ್ಲಿ ಮುಖ ತೊಳೆದು, ತಲೆ ಬಾಚಿ, ಸ್ಟೂಲು ಎಳೆದುಕೊಂಡು ಸಿದ್ಧರಾಗಿರುತ್ತಿದ್ದರು. ಇಡೀ ದಿನ ಕೂಡಿಟ್ಟ ಮಾತುಗಳನ್ನು ಒಂದಾದ ಮೇಲೊಂದು ಬಿಡುತ್ತಿದ್ದರು. ಎದುರು ಮನೆಯ ಬೆಕ್ಕು ಮರಿ ಹಾಕಿದ ಸುದ್ದಿಗೂ ಒಂದು ಸರದಿ. ಬೆಳಗಿನ ಹೊತ್ತು ಬಾಗಿಲಿಗೆ ಬರುವುದನ್ನೇ ಬಿಟ್ಟರು. ಮನೆ ಅಂತೂ ದಾರಿಗೆ ಬಂತು ಎಂದು ನಿನ್ನ ಹತ್ತಿರ ಜಂಬ ಕೊಚ್ಚಿದ್ದೆನಲ್ಲ, ಇದೇ ಅದು.

ಸೋಮವಾರ ಬೆಳಗ್ಗೆ ಮಗಳ ಒಂದು ಶೂ ಸಿಗದೆ ನಾನು ಮಂಚದಡಿ ತಲೆ ತೂರಿಸಿದ್ದೆ. ಅಪ್ಪ ಬಂದು ಬಾಗಿಲಲ್ಲಿ ನಿಂತರು. ನನಗೆ ಅವರ ಪಾದಗಳಷ್ಟೇ ಕಾಣುತ್ತಿದ್ದವು. ‘ಮಗಾ’ ಎಂದರು. ಮಂಚದಡಿಯಿಂದಲೇ ‘ಸಂಜೆ, ಅಪ್ಪಾ’ ಎಂದೆ. ‘ಆಯ್ತು, ಸಂಜೆ’ ಎಂದು ಹೊರಟುಹೋದರು. ಒಮ್ಮೆ ತಲೆ ಹೊರಗೆ ಹಾಕಿದ್ದರೆ ಅವರ ಮುಖದ ಬೆವರು ಕಾಣುತ್ತಿತ್ತು ಗುಂಡಾ. ಶೂ ಸಿಕ್ಕಿತು, ಓಡಿದೆ.

ಸಂಜೆ ಬಂದಾಗ ಎಂದಿನಂತೆ ಸ್ಟೂಲಿನ ಮೇಲಿದ್ದರು, ತಲೆಯನ್ನೂ ಬಾಚಿದ್ದರು. ನಾನು ಬೀನ್ಸ್ ಮುಂದಿಟ್ಟುಕೊಂಡು, ಮುಖ ಎತ್ತದೆ, ‘ಹೇಳಿ’ ಎಂದೆ. ‘ಮೊದಲ್ನೇದು, ಬಚ್ಚಲ ನಲ್ಲಿ ತೊಟ್ಟಿಕ್ತಿದೆ. ಎರಡ್ನೇದು, ಬೆಳಗ್ಗೆಯಿಂದ ಎದೆ ಹಿಂಡ್ತಿದೆ, ಎಡಗೈ ಎತ್ತಕ್ಕಾಗ್ತಿಲ್ಲ’ ಎಂದರು. ನಲ್ಲಿ ಮೊದಲು, ಎದೆ ಆಮೇಲೆ. ಇಲ್ಲಿ ಡಾಕ್ಟರು ‘ಬೆಳಗ್ಗೆಯಿಂದ ಏನ್ ಮಾಡ್ತಿದ್ರಿ ನೀವೆಲ್ಲ?’ ಎಂದು ನನ್ನ ಮೇಲೆ ರೇಗಿದಾಗ ಅಪ್ಪನೇ ಮೂಗಿನ ಮೇಲಿನ ಮಾಸ್ಕ್ ಸರಿಸಿ, ‘ಅವಳನ್ನ ಬೈಬೇಡಿ, ನಮ್ಮನೇಲಿ ಸಂಜೆ ಹೇಳೋ ಪದ್ಧತಿ’ ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಈಗ ಕ್ಲಿನಿಕ್ಕಿನಿಂದ ಯಾವಾಗ ಬರ್ತೀರಿ ಎಂದು ಫೋನ್ ಬರುತ್ತಲೇ ಇದೆ, ನಾನು ಎತ್ತುತ್ತಿಲ್ಲ. ಮಗಳು ಪಕ್ಕದ ಮನೆಯಲ್ಲಿ ಉಂಡಳೋ ಬಿಟ್ಟಳೋ ವಿಚಾರಿಸಿಲ್ಲ. ನಿನ್ನ ಭಾವ ಔಷಧಿ ಚೀಟಿ ಹಿಡಿದು ಮೇಲೆ ಕೆಳಗೆ ಓಡಾಡುತ್ತಿದ್ದಾರೆ. ಅಪ್ಪನ ಹಾಸಿಗೆಯ ಪಕ್ಕ ಸುಮ್ಮನೆ ಕೂತು ‘ಏನಾದ್ರೂ ಹೇಳಿ ಅಪ್ಪಾ, ಈಗಲೇ ಹೇಳಿ’ ಎಂದರೆ ‘ಏನಿಲ್ಲ ಬಿಡು’ ಎನ್ನುತ್ತಾರೆ. ಅದನ್ನು ಕೇಳಲು ನನ್ನಿಂದ ಆಗುತ್ತಿಲ್ಲ ಕಣೋ. ನಿನ್ನ ಹತ್ತಿರ ಮಾತ್ರ ಏನೋ ಹೇಳುವುದಿದೆಯಂತೆ. ಏನದು ಎಂದರೆ ‘ಅದು ಅವನ ಹತ್ರದ್ದು’ ಎಂದು ಬಾಯಿ ಮುಚ್ಚಿಸಿದರು. ‘ಭಾನುವಾರ ಅವನೇ ಫೋನ್ ಮಾಡ್ತಾನಲ್ಲ, ಆಗ ಹೇಳ್ತೀನಿ. ಕೆಲಸದ ಮಧ್ಯೆ ಅವನನ್ನ ಗಾಬರಿ ಮಾಡ್ಬೇಡ’ ಎಂದಿದ್ದಾರೆ.

ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ. ಭಾವ ನೆನೆಸಿಕೊಳ್ಳುತ್ತಾರೆ. ಮಗಳು ಇಲ್ಲಿದ್ದಿದ್ದರೆ ಅವಳೂ ಒಂದು ಸಾಲು ಗೀಚುತ್ತಿದ್ದಳು.

ನಿನ್ನ
ಅಕ್ಕ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಗೇಟಿನ ಬಳಿ ನಿಂತು ಬರೆಯುತ್ತಿದ್ದೇನೆ. ಬರೆಯಬೇಡ ಎಂದು ಅಪ್ಪ ಭಾಷೆ ತೆಗೆದುಕೊಂಡಿದ್ದನ್ನು ಬರೆಯುತ್ತಿದ್ದೇನೆ. ಶುಕ್ರವಾರ ಬೆಳಗ್ಗೆ ಆಪರೇಷನ್. ಭರವಸೆ ಕೊಡಲಾರೆವು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಅಪ್ಪ ಭಾನುವಾರ ಭಾನುವಾರ ಎನ್ನುತ್ತಿದ್ದಾರೆ. ಈ ಲಾರಿ ಸಿಮೆಂಟ್ ಇಳಿಸಿ ನಾಳೆಯೇ ಖಾಲಿ ವಾಪಸ್ ಬರುತ್ತದೆ. ರಜೆ ಕೇಳುತ್ತ ನಿಲ್ಲಬೇಡ, ಬಟ್ಟೆ ಬದಲಿಸಲೂ ಹೋಗಬೇಡ. ಡ್ರೈವರ್ ಪಕ್ಕದಲ್ಲಿ ಹತ್ತಿ ಕೂತುಕೋ.