ರಾಣಿ ಕರೆಯಬೇಕಾದ ಹೆಸರು

ಸಿರುಗುಪ್ಪ
12 ನವೆಂಬರ್ 2025, ಬುಧವಾರ

ನನ್ನ ಬಂಗಾರ ಹೇಮಾಗೆ ಅವ್ವನ ಮುದ್ದು,

ಫೋನು ಮೊನ್ನೆಯಿಂದ ನಿಮ್ಮಪ್ಪನ ಜೇಬಿನಲ್ಲೇ ಇದೆ, ಅದಕ್ಕೆ ಈ ಕಾಗದ. ಪಕ್ಕದ ಮನೆಯ ಸೀತಾಬಾಯಿ ಟೀಚರು ಸಂಜೆ ಬಳ್ಳಾರಿಗೆ ಬರುತ್ತಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ಸಿನಿಮಾಕ್ಕೆ ದನಿ ಕೊಡುವ ರೆಕಾರ್ಡಿಂಗ್ ಅರ್ಧಕ್ಕೆ ಬಿಟ್ಟು ಬಂದೆನೆಂದು ನಿನಗೆ ಸಿಟ್ಟು. ನನಗೂ ನಿನ್ನ ಮೇಲೆ ಸಿಟ್ಟಿದೆ. ಯಾರ ಮಾತೂ ಬೇಡವೆಂದು ಕಿವಿಗೆ ಮೇಣ ತುಂಬಿಸಿಕೊಂಡು ಕೂತ ಆ ಕಾರ್ಟೂನ್ ರಾಜನಿಗೆ ಬೇರೆ ಹೆಸರೇ ಸಿಗಲಿಲ್ಲವೇನೇ? ಹಳೇ ಸಿನಿಮಾವನ್ನು ನಮ್ಮ ಭಾಷೆಗೆ ತರುವಾಗ ನಮ್ಮ ಕಡೆಯ ಹೆಸರೇ ಇರಲಿ ಎಂದು ನೀನಂದೆ, ನಾನೂ ಒಪ್ಪಿಕೊಂಡೆ. ಅದಕ್ಕೆ ನಿಮ್ಮಪ್ಪನ ಹೆಸರೇ ಆಗಬೇಕಿತ್ತಾ? ಮದುವೆಯಾದಾಗಿನಿಂದ ನಾನು ಅದನ್ನು ಬಾಯಲ್ಲಿ ಆಡಿಲ್ಲ. ಮರೆತು ಇಟ್ಟೆಯೋ, ಬೇಕಂತಲೇ ಇಟ್ಟೆಯೋ, ನಾನು ಕೇಳುವುದಿಲ್ಲ.

ತುಂಬಿದ ಸಭೆಯಲ್ಲಿ ರಾಣಿ ಎದ್ದು ರಾಜನನ್ನು ಹೆಸರು ಹಿಡಿದು ಕರೆಯಬೇಕು. ಪರದೆಯ ಮೇಲೆ ಅವಳ ತುಟಿ ಅಲುಗಿತು, ನನ್ನ ಬಾಯಿಂದ ಬಂದದ್ದು, "ಹೇಮಾನ ಅಪ್ಪಾ, ಇಲ್ಲಿ ಕೇಳ್ರಿ." ಧ್ವನಿ ಹಿಡಿಯುವ ಹುಡುಗ ಸಮ್ರಾಟ್ ಬಿದ್ದುಬಿದ್ದು ನಕ್ಕ. ನೀನೂ ನಕ್ಕೆ. ಕೌಲ್‌ಬಜಾರಿನ ಆ ಸ್ಟುಡಿಯೋದಿಂದ ಎದ್ದವಳು ಸಿಕ್ಕ ಬಸ್ಸು ಹತ್ತಿದೆ. ಕುರುಗೋಡು ದಾಟುವವರೆಗೂ ಅಳು ತಡೆದುಕೊಂಡಿದ್ದೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ನಾನು ಡಾಕ್ಟರಿಗೆ ಮೊಣಕಾಲು ತೋರಿಸಲು ಬಳ್ಳಾರಿಗೆ ಹೋಗುತ್ತಿಲ್ಲ, ಸಿನಿಮಾದ ರಾಣಿಗೆ ಧ್ವನಿ ಕೊಡುತ್ತಿದ್ದೇನೆ ಎಂದು ನಿಮ್ಮಪ್ಪನ ಜೊತೆ ಮಿಲ್ಲಿನಲ್ಲಿರುವ ವಿರೂಪಾಕ್ಷಿ ಅವರಿಗೆ ಹೇಳಿದ್ದಾನೆ. ಅವರು ಕೂಗಾಡಲಿಲ್ಲ. ಊಟದ ತಟ್ಟೆಯಿಂದ ತಲೆ ಎತ್ತದೆ, "ಐತವಾರ ಸಾಲಿ ಮೈದಾನದಾಗ ಆ ಸಿನಿಮಾ ಹಾಕಿದಾಗ ನಿನ್ನ ದನಿ ಕೇಳಿಸ್ತಂದ್ರ, ಈ ಮನಿಗೆ ಕಾಲಿಡಬ್ಯಾಡ" ಅಂದರು. ಕೂಗಾಡಿದ್ದರೆ ನನಗಿಷ್ಟು ಹೆದರಿಕೆ ಆಗುತ್ತಿರಲಿಲ್ಲ. ರಾಜನ ಹೆಸರು ಅವರಿಗಿನ್ನೂ ಗೊತ್ತಿಲ್ಲ. ಮಿಲ್ಲಿನವರೆಲ್ಲ ಕೂತು ನೋಡುವಾಗ ಗೊತ್ತಾದರೆ ಏನು ಮಾಡುತ್ತಾರೋ.

ಈ ಸಿನಿಮಾಕ್ಕೆ ಮೂಲವಾದ, ದೊರೆಗಳನ್ನು ಗೇಲಿ ಮಾಡಿ ಬರೆದ ಆ ಹಳೇ ಕಾದಂಬರಿಯಲ್ಲಿ ರಾಣಿ ಕೊನೆಯವರೆಗೂ ಸುಮ್ಮನಿರುತ್ತಾಳೆ, ಸಿನಿಮಾ ಮಾಡಿದವರು ಅವಳಿಗೆ ಮಾತು ಕೊಟ್ಟರು ಎಂದು ನೀನೇ ಹೇಳಿದ್ದೆ. ಇಡೀ ಸಿನಿಮಾವನ್ನು ಒಂದೊಂದೇ ಚಿತ್ರವಾಗಿ ಕೈಯಲ್ಲಿ ಬರೆಯುತ್ತಿದ್ದ ಕಾಲ. ಅವಳ ಬಾಯಿ ತೆರೆಸಲು ಯಾರೋ ಎಷ್ಟು ಹೊತ್ತು ಬಗ್ಗಿ ಕೂತಿದ್ದರೋ. ಅಂಗನವಾಡಿ ಮಕ್ಕಳಿಗೆ ಕಥೆ ಹೇಳುವುದು ನಿಂತ ಮೇಲೆ ಈ ಗಂಟಲಿಗೆ ಕೆಲಸವೇ ಇರಲಿಲ್ಲ. ನನಗೆ ಆ ರಾಣಿ ಬಹಳ ಇಷ್ಟ, ಹೇಮಾ. ಆದರೂ ನಾನು ಹೇಳಿದ್ದನ್ನೆಲ್ಲ ಅಳಿಸಿ ನಿನ್ನ ಗೆಳತಿ ಶ್ರೀಕೃತಿಯಿಂದ ಹೇಳಿಸು. ಈ ವಯಸ್ಸಿನಲ್ಲಿ ಮನೆ ಬಿಟ್ಟು ಎಲ್ಲಿಗೆ ಹೋಗಲಿ? ಬೇಜಾರು ಮಾಡಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಉಚ್ಚೆಂಗೆಮ್ಮ

ತಾ.ಕ.: ಕಾಗದ ಮಡಚುವಾಗ ಅವರು ಬಂದರು. ಯಾರಿಗೆ ಎಂದು ಕೇಳಿದರು, ನಿನಗೆ ಅಂದೆ. ಹರಿದು ಒಲೆಗೆ ಹಾಕು ಎಂದವರೇ ನನ್ನ ಮಾತಿಗೂ ಕಾಯದೆ ಬಚ್ಚಲ ಕಡೆ ಹೊರಟರು. ಅದೆಲ್ಲಿಂದ ಬಂತೋ, "ಯರ್ರಿಸ್ವಾಮಿ, ನಿಂದರ್ರಿ" ಅಂದುಬಿಟ್ಟೆ. ನಿಂತರು. ಆದರೆ ತಿರುಗಿ ನೋಡಿದ್ದು ನನ್ನ ಕಡೆಗಲ್ಲ, ಬೀದಿ ಬಾಗಿಲ ಕಡೆಗೆ, ಯಾರು ಬಂದರೆಂದು. ಇಷ್ಟು ವರ್ಷ ಜೊತೆಗೆ ಬಾಳಿದವರಿಗೆ ನನ್ನ ದನಿಯ ಗುರುತೇ ಇಲ್ಲ. ಶ್ರೀಕೃತಿಗೆ ಹೇಳಬೇಡ. ನಾಳೆ ಮೊದಲ ಬಸ್ಸಿಗೆ ನಾನೇ ಬರುತ್ತೇನೆ, ಬಟ್ಟೆಬರೆ ಎಲ್ಲ ತರುತ್ತೇನೆ. ರಾಜನ ಹೆಸರು ಅದೇ ಇರಲಿ.